ಬಾರ್ಡೋಲಿಯಲ್ಲಿ ನಿಂತ ಯುದ್ಧ

ದಂಡಿನ ಮುಂದೆ ನಡೆದವನನ್ನು ನಾವು ನಾಯಕನೆನ್ನುತ್ತೇವೆ. ಹೊರಟು ನಿಂತ ದಂಡನ್ನು ತಾನೇ ತಡೆದವನಿಗೆ ಏನೆನ್ನಬೇಕು? ಗಾಂಧಿಯವರ ಉಪ್ಪಿನ ಸತ್ಯಾಗ್ರಹವನ್ನು ವರ್ಣಿಸದವರಿಲ್ಲ. 1922ರ ಫೆಬ್ರವರಿಯ ಪ್ರಸ್ತಾಪ ಬಂದಾಗ ಮಾತ್ರ ಅವರ ಭಕ್ತರ ಧ್ವನಿಯೂ ತುಸು ತಗ್ಗುತ್ತದೆ. ಆ ತಿಂಗಳನ್ನು ಕುರಿತೇ ಈ ಹೊತ್ತು ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ.

ಅಸಹಕಾರದ ಚಳುವಳಿ ಮೊದಲಾದದ್ದು 1920ರಲ್ಲಿ. ವಕೀಲರು ನ್ಯಾಯಸ್ಥಾನಗಳನ್ನು ಬಿಟ್ಟರು. ವಿದ್ಯಾರ್ಥಿಗಳು ಕಾಲೇಜುಗಳನ್ನು ತೊರೆದರು. ಅವರಲ್ಲಿ ಅನೇಕರು ಮರಳಿ ಪುಸ್ತಕ ಹಿಡಿಯಲಿಲ್ಲವೆಂಬುದನ್ನು, ಪಾಠ ಹೇಳುವ ವೃತ್ತಿಯ ನನ್ನಂಥವನು ಮರೆಯಲಾರ. 1921 ಮುಗಿಯುವ ವೇಳೆಗೆ ಚಿತ್ತರಂಜನ ದಾಸರು, ಮೋತಿಲಾಲ ನೆಹರೂ, ಲಾಲಾ ಲಜಪತರಾಯರು ಎಲ್ಲರೂ ಸೆರೆಮನೆಯಲ್ಲಿದ್ದರು. ಹೊರಗುಳಿದಿದ್ದ ಗಾಂಧಿಯವರು 1922ರ ಫೆಬ್ರವರಿ 1ರಂದು ವೈಸರಾಯ್ ರೀಡಿಂಗ್ ಪ್ರಭುವಿಗೆ ಪತ್ರ ಬರೆದರು: ಬಂದಿಗಳನ್ನು ಬಿಟ್ಟು ಪತ್ರಿಕೆಗಳ ಮೇಲಿನ ನಿರ್ಬಂಧವನ್ನು ತೆಗೆಯದಿದ್ದರೆ, ಸೂರತ್ ಜಿಲ್ಲೆಯ ಬಾರ್ಡೋಲಿ ತಾಲ್ಲೂಕಿನಲ್ಲಿ ಸಾಮೂಹಿಕ ಕಾನೂನುಭಂಗ ಆರಂಭವಾಗುವುದು. ಉತ್ತರಕ್ಕೆ ಏಳು ದಿನಗಳ ಗಡುವು.

ಗಡುವು ತುಂಬಲಿಲ್ಲ. ಫೆಬ್ರವರಿ 4ರಂದು ಸಂಯುಕ್ತ ಪ್ರಾಂತದ ಗೋರಖಪುರ ಜಿಲ್ಲೆಯ ಚೌರಿಚೌರಾದಲ್ಲಿ, ತಮ್ಮವರು ಪೊಲೀಸರಿಂದ ಪೆಟ್ಟು ತಿಂದದ್ದನ್ನು ಖಂಡಿಸಿ ಸ್ವಯಂಸೇವಕರು ಮೆರವಣಿಗೆ ಹೊರಟರು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಕೆರಳಿದ ಗುಂಪು ಠಾಣೆಗೆ ಬೆಂಕಿಯಿಟ್ಟಿತು. 20ಕ್ಕೂ ಹೆಚ್ಚು ಮಂದಿ ಪೊಲೀಸಿನವರು ಪ್ರಾಣ ನೀಗಿದರು. ಆ ಗುಂಪಿನ ಬಾಯಲ್ಲಿದ್ದ ಜಯಘೋಷ ಗಾಂಧಿಯವರದೇ.

ಬಾರ್ಡೋಲಿಯಲ್ಲಿ ಫೆಬ್ರವರಿ 11 ಮತ್ತು 12ರಂದು ಸೇರಿದ ಕಾಂಗ್ರೆಸ್ ಕಾರ್ಯಕಾರಿ ಸಮಿತಿ, ಗಾಂಧಿಯವರ ಒತ್ತಾಯದಿಂದ, ಕಾನೂನುಭಂಗವನ್ನು ನಿಲ್ಲಿಸಿತು. ಅವರು ಪ್ರಾಯಶ್ಚಿತ್ತಕ್ಕೆಂದು ಐದು ದಿನ ಉಪವಾಸವಿದ್ದರು. ಸೆರೆಯಲ್ಲಿದ್ದ ಮುಖಂಡರಿಗೆ ಸಿಟ್ಟು ಬಂದಿತು. ಒಂದು ಹಳ್ಳಿಯ ತಪ್ಪಿಗೆ ಇಡೀ ದೇಶಕ್ಕೆ ದಂಡನೆಯೇ ಎಂಬುದು ಅವರ ಪ್ರಶ್ನೆ. ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಆದರೂ ಆ ನಿರ್ಧಾರ ಬರಿಯ ಮೃದುಹೃದಯದ ಫಲವಾಗಿರಲಿಲ್ಲವೆಂದು ನನ್ನ ಎಣಿಕೆ. ಬಂದೂಕು ಸರ್ಕಾರದ ಕೈಯಲ್ಲಿತ್ತು. ಯುದ್ಧ ಬಂದೂಕಿನದಾದರೆ ಮುದುಕನಿಗೆ, ಹೆಂಗಸಿಗೆ, ಬರಿಗೈಯ ರೈತನಿಗೆ ಅಲ್ಲಿ ಎಡೆಯೆಲ್ಲಿ? ಎಲ್ಲರನ್ನೂ ಒಳಗೊಳ್ಳುವ ಯುದ್ಧವನ್ನು ಉಳಿಸಿಕೊಳ್ಳುವುದಕ್ಕಾಗಿ ಗಾಂಧಿಯವರು ಆ ದಿನದ ಯುದ್ಧವನ್ನು ಬಿಟ್ಟುಕೊಟ್ಟರು.

ಹೊಣೆಯನ್ನು ಅವರು ಜಾರಿಸಲಿಲ್ಲ. ಮಾರ್ಚ್ 18ರಂದು ಅಹಮದಾಬಾದಿನಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡ್‌ರ ಎದುರಿಗೆ ನಿಂತು, ಚೌರಿಚೌರಾದ ಕೃತ್ಯದಿಂದ ತಾವು ಬೇರೆಯೆಂದು ಹೇಳಿಕೊಳ್ಳಲಾರೆವೆಂದು ಒಪ್ಪಿಕೊಂಡರು. ಆರು ವರ್ಷಗಳ ಶಿಕ್ಷೆಯಾಯಿತು. ಕಾಯಿಲೆಯಿಂದಾಗಿ 1924ರಲ್ಲಿಯೇ ಬಿಡುಗಡೆಯಾದರು.

ಇನ್ನೊಂದು ನ್ಯಾಯಸ್ಥಾನದ ಕಥೆಯನ್ನೂ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1923ರ ಜನವರಿಯಲ್ಲಿ ಗೋರಖಪುರದ ಸೆಷನ್ಸ್ ಕೋರ್ಟು 172 ಮಂದಿಗೆ ಮರಣದಂಡನೆ ವಿಧಿಸಿತು. ಅಲಹಾಬಾದಿನ ಹೈಕೋರ್ಟಿನಲ್ಲಿ ಪಂಡಿತ ಮದನಮೋಹನ ಮಾಳವೀಯರು ಅವರ ಪರವಾಗಿ ವಾದಿಸಿದರು. ಬಹುಮಂದಿ ನೇಣಿನಿಂದ ಪಾರಾದರು, 19 ಮಂದಿ ಪಾರಾಗಲಿಲ್ಲ. ಅಹಮದಾಬಾದಿನ ವಿಚಾರಣೆಯನ್ನು ನಾವು ತರಗತಿಗಳಲ್ಲಿ ಹೆಮ್ಮೆಯಿಂದ ಓದಿಸುತ್ತೇವೆ. ಗೋರಖಪುರದ ವಿಚಾರಣೆಗೆ ಒಂದು ಸಾಲನ್ನೂ ಮೀಸಲಿಡುವುದಿಲ್ಲ. ಅವರು ಮಾಡಿದ್ದು ಘೋರ ಕೃತ್ಯ, ನಿಜ; ಆದರೆ ಸ್ವರಾಜ್ಯದ ಕನಸು ಕಂಡವರಲ್ಲಿ ಅವರೂ ಒಬ್ಬರು.

ಗಾಂಧಿಯವರಿಗೆ ಆ ಫೆಬ್ರವರಿ ಮರೆಯಲಿಲ್ಲ. 1930ರಲ್ಲಿ ಮತ್ತೊಮ್ಮೆ ಕಾನೂನುಭಂಗಕ್ಕೆ ಹೊರಡುವ ಮೊದಲೇ, ಎಲ್ಲೋ ಒಂದು ಕಡೆ ಹಿಂಸೆ ನಡೆದ ಮಾತ್ರಕ್ಕೆ ಈ ಸಲ ಹೋರಾಟ ನಿಲ್ಲದೆಂದು ಸೂಚಿಸಿದರು. ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪನ್ನೆತ್ತಿದರು. ಅದೇ ತಿಂಗಳು 18ರಂದು ಚಿತ್ತಗಾಂಗಿನಲ್ಲಿ ಕ್ರಾಂತಿಕಾರರು ಶಸ್ತ್ರಾಗಾರದ ಮೇಲೆ ದಾಳಿ ಮಾಡಿದರು. ಉಪ್ಪಿನ ಸತ್ಯಾಗ್ರಹ ಮುಂದುವರಿಯಿತು.