ದುರ್ಬೀನು ಹಿಡಿದ ಸಿಪಾಯಿ

(ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಐದೇ ನಿಮಿಷ ಎಂದು ಸಮಿತಿಯವರು ತಾಕೀತು ಮಾಡಿದ್ದಾರೆ. ನಾನು ಚಿತ್ರಕಲೆಯ ಮಾಸ್ತರನಾಗಿ ನಿವೃತ್ತನಾದವನು. ಒಂದು ಚಿತ್ರದ ಬಗ್ಗೆ ಹೇಳಿ ಕೂತುಬಿಡುತ್ತೇನೆ.

ಅದನ್ನು ಬರೆದವನು ಥಾಮಸ್ ಹಿಕಿ. 1741ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವನು. ಮುಖಚಿತ್ರ ಬರೆಯುವುದೇ ಅವನ ಹೊಟ್ಟೆಪಾಡು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟೀಪುವಿನ ಮಕ್ಕಳು, ದಿವಾನ್ ಪೂರ್ಣಯ್ಯ, ಕಂಪನಿಯ ಅಧಿಕಾರಿಗಳು ಎಲ್ಲರನ್ನೂ ಬರೆದ. ಆ ಯುದ್ಧದ ಏಳು ದೊಡ್ಡ ಚಿತ್ರಗಳನ್ನು ಮಾಡುವ ಮನಸ್ಸಿತ್ತು, ಕೈಗೂಡಲಿಲ್ಲ. ಒಳ್ಳೆಯದೇ ಆಯಿತು ಅನ್ನುವವನು ನಾನು. ಗೆದ್ದವರ ಪರಾಕ್ರಮದ ಚಿತ್ರಗಳಿಗೆ ಬರವಿಲ್ಲ.

ನಾನು ಹೇಳಹೊರಟದ್ದು 1816ರ ಚಿತ್ರ. ಆಗ ಹಿಕಿಗೆ ಎಪ್ಪತ್ತೈದು. ಎದುರು ನಿಂತವನು ಕರ್ನಲ್ ಕಾಲಿನ್ ಮೆಕೆಂಜಿ, ಮೈಸೂರು ಸೀಮೆಯನ್ನು ಅಳೆದು, ಊರೂರಿನ ಶಾಸನ, ಕೈಫಿಯತ್ತು, ಓಲೆಗರಿ ಕೂಡಿಸಿದವನು. 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಕೆಂಪು ಸಮವಸ್ತ್ರದಲ್ಲಿ ನಿಂತಿದ್ದಾನೆ. ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟ! ಮದ್ರಾಸಿನಿಂದ ಗೊಮ್ಮಟ ಕಾಣುತ್ತದೆಯೇ? ಇಲ್ಲ. ಈ ಮನುಷ್ಯ ಎಲ್ಲೆಲ್ಲಿ ತಿರುಗಿದ ಎಂದು ತೋರಿಸಲು ಹಿಕಿ ತಂದು ನಿಲ್ಲಿಸಿದ. ಆಗ ಕಾರ್ಕಳವೂ ನಮ್ಮ ಅಂಕೋಲೆ, ಕಾರವಾರವೂ ಒಂದೇ ಕೆನರಾ ಜಿಲ್ಲೆ. ನಮ್ಮ ಭಾಗ ಮುಂಬಯಿ ಪ್ರಾಂತಕ್ಕೆ ಹೋದದ್ದು 1862ರಲ್ಲಿ.

ಮೆಕೆಂಜಿಯ ಜೊತೆ ಇನ್ನೂ ಮೂವರಿದ್ದಾರೆ. ಓಲೆಗರಿ ಹಿಡಿದವರು ಜೈನ ಪಂಡಿತ ಧರ್ಮಯ್ಯ. ಇನ್ನೊಬ್ಬರು ಕಾವಲಿ ವೆಂಕಟ ಲಕ್ಷ್ಮಯ್ಯ. ದುರ್ಬೀನು ಹಿಡಿದವನು ಸಿಪಾಯಿ ಕಿಸ್ತ್ನಾಜಿ, ಅಂದರೆ ನಮ್ಮ ಕೃಷ್ಣಾಜಿ. ಹಾಗೆಂದು ಬಲ್ಲವರು ಗುರುತಿಸುತ್ತಾರೆ. ಹಳೆಗನ್ನಡದ ಶಾಸನ ಓದಿ ಅರ್ಥ ಹೇಳುತ್ತಿದ್ದವರು ಧರ್ಮಯ್ಯ. ಇಂಥವರಿಲ್ಲದೆ ಮೆಕೆಂಜಿಗೆ ಕಲ್ಲು ಬರೀ ಕಲ್ಲೇ. ಚಿತ್ರ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕರ್ನಲ್‌ನ ಮುಖದಷ್ಟೇ ಗಮನವನ್ನು ಹಿಕಿ ಸಿಪಾಯಿಯ ಮುಖಕ್ಕೂ ಕೊಟ್ಟಿದ್ದಾನೆ. ನಡುವೆ ನಿಂತವನು ದೊರೆಯೇ, ಅದೂ ನಿಜ.

ಈಗ ನಮ್ಮ ಮನೆಯ ಮಾತು. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಗ್ರುಪ್ ಫೋಟೊ ನೀವೆಲ್ಲ ನೋಡಿದ್ದೀರಿ. ಕೆಳಗೆ ಕಪ್ಪು ಶಾಯಿಯಲ್ಲಿ ಹೆಸರು ಬರೆದವನು ನಾನೇ. ಅಕ್ಷರ ಚೆಂದ ಎಂದು ಹೆಡ್‌ಮಾಸ್ತರರು ನನಗೆ ವಹಿಸಿದ್ದರು. ಮಾಸ್ತರರ ಹೆಸರು ಬರೆದೆ, ಮಕ್ಕಳ ಹೆಸರು ಬರೆದೆ. ಬಲತುದಿಯಲ್ಲಿ ನಿಂತವರ ಕೆಳಗೆ 'ಸಿಪಾಯಿ' ಎಂದಷ್ಟೇ ಬರೆದೆ. ಹಳಿ ತುಂಡಿಗೆ ಬಡಿದು ಗಂಟೆ ಹೊಡೆಯುತ್ತಿದ್ದವರು ಅವರು. ಆಷಾಢದ ಮಳೆಗೆ ಹಳ್ಳ ಏರಿದಾಗ ನಮ್ಮ ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು ಕೈಹಿಡಿದು ದಾಟಿಸಿದವರು. ನೀರು ತುಂಬುತ್ತಿದ್ದ ಹಾಲಕ್ಕಿ ಅಜ್ಜಿಯಂತೂ ಫೋಟೊದಲ್ಲೇ ಇಲ್ಲ. ಆ ದಿನ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ.

ಹಿಕಿಯ ಚಿತ್ರವನ್ನು ಪಾಠ ಮಾಡುತ್ತಿದ್ದ ಎಷ್ಟೋ ವರ್ಷ ನನಗಿದು ನೆನಪಾಗಿರಲಿಲ್ಲ. ಹೋದ ತಿಂಗಳು ಸ್ಮರಣ ಸಂಚಿಕೆಗೆಂದು ಫೋಟೊ ಹುಡುಕಿ ತೆಗೆದಾಗ ನನ್ನದೇ ಅಕ್ಷರ ಕಂಡು ನಾಚಿಕೆಯಾಯಿತು.

ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ಹಳೆಯ ಫೋಟೊಗಳನ್ನೆಲ್ಲ ಹೊರಗೆ ಜಗಲಿಯ ಮೇಜಿನ ಮೇಲೆ ಇಟ್ಟಿದ್ದೇವೆ, ಪಕ್ಕದಲ್ಲಿ ಒಂದು ವಹಿಯೂ ಪೆನ್ಸಿಲ್ಲೂ ಇವೆ. ಅವರ ಮನೆಯವರು, ಕೇರಿಯವರು ಇಲ್ಲಿ ಯಾರಾದರೂ ಇದ್ದರೆ ಊಟಕ್ಕೆ ಏಳುವ ಮೊದಲು ಅತ್ತ ಬನ್ನಿ. ನಾನು ಅಲ್ಲೇ ಕೂತಿರುತ್ತೇನೆ.