ಮೋಸಗಾರರಿಗೂ ಒಂದು ಆಫೀಸಿದೆ, ಅವರಿಗೂ ಟಾರ್ಗೆಟ್ ಇದೆ

ನಾಸಿಕ್, ಸಂಭಾಜಿನಗರ, ಪುಣೆ ಕಡೆ ಕೆಲಸ ಮಾಡ್ತಿರೋ ನಮ್ಮ ಕನ್ನಡದವರಿಗಾಗಿ ಇವತ್ತಿನ ಮಾತು. ಆನ್‌ಲೈನ್ ಮೋಸದ ಬಗ್ಗೆ. "ಅಯ್ಯೋ, ನಾವು ಐಟಿಯವರು, ನಮಗೆ ಗೊತ್ತಿಲ್ವಾ?" ಅಂತ ವಿಡಿಯೋ ಮುಂದಕ್ಕೆ ಓಡಿಸಬೇಡಿ. ಹತ್ತು ನಿಮಿಷ ಕೇಳಿ.

ಮೊದಲು ನಮ್ಮ ಮನೆಯದೇ ಸಂಗತಿ. ನಾನು ನಾಸಿಕ್‌ನಲ್ಲಿದ್ದೀನಿ, ಅವ್ವ ವಿಜಯಪುರದ ಹತ್ತಿರ ಹಳ್ಳಿಯಲ್ಲಿ. ಒಂದು ಮಧ್ಯಾಹ್ನ ಮೀಟಿಂಗ್ ಮುಗಿಸಿ ಹೊರಗೆ ಬಂದು ನೋಡಿದರೆ ಅವ್ವನಿಂದ 11 ಮಿಸ್ಡ್ ಕಾಲ್. ಗಾಬರಿಯಿಂದ ತಿರುಗಿ ಮಾಡಿದೆ. "ತಮ್ಮಾ, ಎಲ್ಲಿದ್ದಿ? ಪೊಲೀಸ್ರು ನಿನ್ನ ಹಿಡದಾರಂತಲ್ಲ!" ಅಂತ ಅಳ್ತಿದ್ದಾಳೆ.

ಯಾರೋ ಹಿಂದಿಯಲ್ಲಿ ಫೋನ್ ಮಾಡಿ, "ಮಹಾರಾಷ್ಟ್ರ ಪೊಲೀಸ್, ನಿಮ್ಮ ಮಗ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಹೆಸರು ಪೇಪರಿಗೆ ಬರಬಾರದು ಅಂದ್ರೆ 40 ಸಾವಿರ ಕಳಿಸಿ" ಅಂದಿದ್ದ. ಹಿಂದೆ ಒಬ್ಬ ಹುಡುಗ ಅಳೋ ಸದ್ದು ಬೇರೆ. ಅವ್ವನ ಫೋನಿನಲ್ಲಿ ಯುಪಿಐ ಇರಲಿಲ್ಲ, ಅದೇ ನಮ್ಮ ಪುಣ್ಯ. ಪಕ್ಕದ ಮನೆ ಕಾಕಾನ ಹತ್ತಿರ ಓಡಿದಳು. ಕಾಕಾ ಹೇಳಿದ್ದು ಒಂದೇ ಮಾತು: "ತಡೀರಿ ವೈನಿ, ಮೊದಲ ಹುಡುಗಗ ಫೋನ್ ಹಚ್ಚೂಣು."

ಆಮೇಲೆ ಕೂತು ಯೋಚಿಸಿದೆ. ಮಗ ಮಹಾರಾಷ್ಟ್ರದಲ್ಲಿದ್ದಾನೆ ಅನ್ನೋದು ನಿಜ. ಹಗಲು ಫೋನ್ ಎತ್ತಲ್ಲ ಅನ್ನೋದೂ ನಿಜ. ಅವ್ವನಿಗೆ ಹಿಂದಿ ಅರ್ಧಂಬರ್ಧ, ಊರಲ್ಲಿ ಮರ್ಯಾದೆ ಹೋಗುತ್ತೆ ಅನ್ನೋ ಭಯ, ಎರಡೂ ನಿಜ. ನಾಲ್ಕು ನಿಜದ ಮೇಲೆ ಒಂದು ಸುಳ್ಳು ಕೂರಿಸಿದ್ರು, ಅಷ್ಟೇ. ಅಂದ್ರೆ ನಾವು ಊರು ಬಿಟ್ಟು ಬಂದಿರೋದೇ ಅವರಿಗೆ ಬಂಡವಾಳ.

ಇಂಥ ಕಾಲ್ ಎಲ್ಲಿಂದ ಬರುತ್ತೆ? ದೂರ ಹುಡುಕಬೇಕಿಲ್ಲ. 2025ರ ಆಗಸ್ಟ್‌ನಲ್ಲಿ ಸಿಬಿಐನವರು ನಮ್ಮ ನಾಸಿಕ್ ಜಿಲ್ಲೆಯ ಇಗತಪುರಿಯಲ್ಲಿ ಒಂದು ರೆಸಾರ್ಟ್ ಮೇಲೆ ದಾಳಿ ಮಾಡಿದ್ರು. ಒಳಗೆ ಇದ್ದದ್ದು ಕಾಲ್ ಸೆಂಟರ್. ಅಮೆಜಾನ್ ಸಪೋರ್ಟ್ ಅಂತ ಹೇಳ್ಕೊಂಡು ಅಮೆರಿಕ, ಕೆನಡಾದವರಿಗೆ ಮೋಸ. ದಾಳಿ ಆದಾಗ 62 ಜನ ಕೆಲಸದಲ್ಲಿದ್ರು. 44 ಲ್ಯಾಪ್‌ಟಾಪ್, 71 ಮೊಬೈಲ್ ಸಿಕ್ಕವು. ಅದೇ ವರ್ಷ ಅಕ್ಟೋಬರ್ ಕೊನೆಗೆ ಸಂಭಾಜಿನಗರದ ಚಿಕಲಠಾಣಾ ಎಂಐಡಿಸಿಯಲ್ಲಿ ಇನ್ನೊಂದು ಸಿಕ್ತು. ಅಲ್ಲಿ ನೂರಕ್ಕೂ ಹೆಚ್ಚು ಜನ, ಅಮೆರಿಕದ ತೆರಿಗೆ ಅಧಿಕಾರಿಗಳು ಅಂತ ಹೇಳ್ಕೊಂಡು ಮಾತಾಡೋರು. ಎರಡೂ ಊರು ಸಮೃದ್ಧಿ ಮಹಾಮಾರ್ಗದ ಮೇಲೇ ಇವೆ, ನಾವು ವಾರಾಂತ್ಯಕ್ಕೆ ಓಡಾಡೋ ದಾರಿ.

ಇಗತಪುರಿ ಕೇಸಿನಲ್ಲಿ ಸಿಬಿಐ ಹೇಳಿದ ಒಂದು ವಿವರ ಗಮನಿಸಿ. ನೌಕರರು ಮೂರು ಥರ: ಡಯಲರ್, ವೆರಿಫೈಯರ್, ಕ್ಲೋಸರ್. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಆಫೀಸಿನ ಎಲ್-1, ಎಲ್-2, ಎಲ್-3 ಸಪೋರ್ಟ್ ಥರಾನೇ! ಡಯಲರ್ ನೂರಾರು ಜನಕ್ಕೆ ಫೋನ್ ಮಾಡ್ತಾನೆ. ಹೆದರಿದವರನ್ನು ಮುಂದಿನವನಿಗೆ ದಾಟಿಸ್ತಾನೆ. ಅವನು "ಸಾಹೇಬ್ರು" ಆಗಿ ನಿಮ್ಮ ವಿವರ ಖಚಿತ ಮಾಡ್ಕೊಳ್ತಾನೆ. ಕ್ಲೋಸರ್ ದುಡ್ಡು ಹಾಕಿಸ್ಕೊಳ್ತಾನೆ. ಶಿಫ್ಟ್ ಇದೆ, ಸ್ಕ್ರಿಪ್ಟ್ ಇದೆ, ಟಾರ್ಗೆಟ್ ಇದೆ.

ಇದು ಯಾಕೆ ಮುಖ್ಯ ಅಂದ್ರೆ, ಮೋಸ ಹೋಗೋದು ದಡ್ಡತನ ಅಲ್ಲ. ಒಬ್ಬಂಟಿ ಮನುಷ್ಯನ ಎದುರು ಒಂದು ಇಡೀ ಆಫೀಸು ಕೂತಿರುತ್ತೆ. ಬೆಂಗಳೂರಿನಲ್ಲಿ 57 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು "ಡಿಜಿಟಲ್ ಅರೆಸ್ಟ್" ಅನ್ನೋ ಮೋಸಕ್ಕೆ ಸಿಕ್ಕಿ 187 ಸಲ ಹಣ ಹಾಕಿ ಸುಮಾರು 32 ಕೋಟಿ ಕಳ್ಕೊಂಡರು. 2025ರ ನವೆಂಬರ್‌ನಲ್ಲಿ ಬೆಳಕಿಗೆ ಬಂದ ಕೇಸು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ ಅಂತೀರಾ?

ಹಾಗಾದ್ರೆ ಏನು ಮಾಡೋದು? ವಾದ ಮಾಡಿ ಗೆಲ್ಲೋಕೆ ಹೋಗಬೇಡಿ. ಸ್ಕ್ರಿಪ್ಟ್ ಅವರದು, ಪ್ರತಿ ಪ್ರಶ್ನೆಗೂ ಉತ್ತರ ಬರೆದಿಟ್ಟಿರ್ತಾರೆ. ಕಾಲ್ ಕಟ್ ಮಾಡಿ. ಸ್ಕ್ರಿಪ್ಟ್ ಅಲ್ಲಿಗೇ ಸತ್ತುಹೋಗುತ್ತೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. ಯಾವ ಪೊಲೀಸೂ, ಯಾವ ಕೋರ್ಟೂ ವಿಡಿಯೋ ಕಾಲ್‌ನಲ್ಲಿ ಬಂಧಿಸಲ್ಲ, "ಪರಿಶೀಲನೆಗೆ" ಅಂತ ಹಣ ಕೇಳಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಇದನ್ನೇ ಹೇಳಿದ್ರು: ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ. ಅವತ್ತು ಅವರು ತೋರಿಸಿದ ವಿಡಿಯೋ ನಮ್ಮ ವಿಜಯಪುರದವರೊಬ್ಬರು ರೆಕಾರ್ಡ್ ಮಾಡಿದ್ದು.

ಇನ್ನು ಮೂರು ಮಾತು ನೆನಪಿಡಿ. ಯುಪಿಐ ಪಿನ್ ಬೇಕಾಗೋದು ದುಡ್ಡು ಕೊಡೋಕೆ, ತಗೊಳ್ಳೋಕೆ ಅಲ್ಲ. ವಾಟ್ಸಾಪ್‌ನಲ್ಲಿ ಮದುವೆ ಕಾರ್ಡು, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್ ಬಂದ್ರೆ, ಕಳಿಸಿದ್ದು ಸ್ವಂತ ಮಾವನೇ ಆದ್ರೂ ತೆರೀಬೇಡಿ, ಅವರ ಫೋನೇ ಹ್ಯಾಕ್ ಆಗಿರಬಹುದು. ಯಾರೋ ಹೇಳಿದ್ರು ಅಂತ ಸ್ಕ್ರೀನ್ ಶೇರ್ ಮಾಡೋ ಆಪ್ ಹಾಕ್ಕೋಬೇಡಿ.

ಈಗ ಯಾರೂ ಹೆಚ್ಚು ಮಾತಾಡದ ವಿಷಯ. ಆ ರೆಸಾರ್ಟ್‌ನಲ್ಲಿ ಕೂತಿದ್ದ 62 ಜನ ಯಾರು? ಕೆಲಸ ಹುಡುಕ್ತಿದ್ದವರು. "ಇಂಟರ್‌ನ್ಯಾಷನಲ್ ವಾಯ್ಸ್ ಪ್ರೋಸೆಸ್, ನೈಟ್ ಶಿಫ್ಟ್, ಊಟ ವಸತಿ ಫ್ರೀ" ಅನ್ನೋ ಮೆಸೇಜ್ ನಿಮ್ಮ ತಮ್ಮನಿಗೋ ಅಕ್ಕನ ಮಗನಿಗೋ ನಾಳೆ ಬರಬಹುದು. ಆಫರ್ ಲೆಟರ್‌ನಲ್ಲಿ ಕಂಪನಿಯ ನೋಂದಣಿ ಇದೆಯಾ, ಪಿಎಫ್ ಇದೆಯಾ, ಸಂಬಳ ಬ್ಯಾಂಕಿಗೆ ಬರುತ್ತಾ ಅಂತ ಕೇಳಿ. ಬೇರೆ ಹೆಸರಿಟ್ಟುಕೊಂಡು ಮಾತಾಡು ಅಂದ ದಿನವೇ ಎದ್ದು ಬರಲಿ. ವಿದೇಶದ ಆಫರ್ ಇನ್ನೂ ಅಪಾಯ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್‌ನ ಮೋಸದ ಅಡ್ಡೆಗಳಲ್ಲಿ ಸಿಕ್ಕಿಬಿದ್ದಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯ್ತು. ಹಾಗೇ, ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡಬೇಡಿ. ಪೊಲೀಸರು ಮೊದಲು ಬರೋದು ಖಾತೆದಾರನ ಮನೆಗೆ.

ದುಡ್ಡು ಹೋಗೇಬಿಟ್ರೆ? ತಕ್ಷಣ 1930ಕ್ಕೆ ಫೋನ್ ಮಾಡಿ. ನಾಸಿಕ್‌ನಲ್ಲಿದ್ರೂ ವಿಜಯಪುರದಲ್ಲಿದ್ರೂ ಅದೇ ನಂಬರ್. ಹಣ ಹೋದ ಸಮಯ, ಮೊತ್ತ, ಯುಟಿಆರ್ ನಂಬರ್ ಕೈಯಲ್ಲಿರಲಿ. ದೂರು ಆ ಬ್ಯಾಂಕಿಗೆ ತಲುಪಿ, ಹಣ ಖಾತೆಯಲ್ಲಿ ಉಳಿದಿದ್ರೆ ತಡೆಹಿಡೀತಾರೆ. ಕಳ್ಳರು ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ದಾಟಿಸ್ತಾರೆ, ಅದಕ್ಕೇ "ನಾಳೆ ನೋಡೋಣ" ಅನ್ನೋ ಹಾಗಿಲ್ಲ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ.

ಕೊನೇ ಮಾತು, ಇದು ದುಡ್ಡಿಗಿಂತ ದೊಡ್ಡದು. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಒಂದು ವೃದ್ಧ ದಂಪತಿ ಇಂಥದೇ ಬೆದರಿಕೆಗೆ 50 ಲಕ್ಷಕ್ಕೂ ಹೆಚ್ಚು ಕೊಟ್ಟು, ಕೊನೆಗೆ ಜೀವವನ್ನೇ ಕಳ್ಕೊಂಡರು. ಮೋಸಗಾರರು ಎಲ್ಲಕ್ಕಿಂತ ಮೊದಲು ಹೇಳೋ ಮಾತು "ಯಾರಿಗೂ ಹೇಳಬೇಡಿ" ಅಂತ. ಒಂಟಿ ಮಾಡಿದರೇನೇ ಅವರ ಕೆಲಸ ಆಗೋದು.

ಅದಕ್ಕೆ ಇವತ್ತೇ ರಾತ್ರಿ ಮನೆಗೆ ಫೋನ್ ಮಾಡಿ. "ಅವ್ವಾ, ಯಾರಾದ್ರೂ ಹೆದರಿಸಿದ್ರೆ ಫೋನ್ ಇಟ್ಟುಬಿಡು. ನನಗೆ ಹಚ್ಚು. ನಾನು ಎತ್ತಲಿಲ್ಲ ಅಂದ್ರೆ ಇವರಿಗೆ ಹಚ್ಚು" ಅಂತ ಗೆಳೆಯನೊಬ್ಬನ ನಂಬರ್ ಗೋಡೆ ಮೇಲೆ ಬರೆಸಿ. ಮನೆಯವರಿಗೆ ಮಾತ್ರ ಗೊತ್ತಿರೋ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮ ಮನೆಯದು ನಮ್ಮ ಹಳೇ ಎಮ್ಮೆಯ ಹೆಸರು. ಮತ್ತೆ ಇನ್ನೊಂದನ್ನು ಖಂಡಿತ ಹೇಳಿ: "ದುಡ್ಡು ಹೋದ್ರೂ ನಾ ಬೈಯಲ್ಲ, ಆದ್ರೆ ನನಗೆ ಹೇಳು."

ನಮ್ಮ ಕಾಕಾನ ಹಾಗೆ "ತಡೀರಿ" ಅನ್ನೋರು ಪ್ರತಿ ಮನೆ ಪಕ್ಕದಲ್ಲಿ ಇರಲ್ಲ. ದೂರದಿಂದಲೇ ಆದ್ರೂ ನಾವೇ ಆ ಕೆಲಸ ಮಾಡಬೇಕು.