ಸೋಮಾರಿ ಯಾರು ಎಂದು ಕೇಳುವ ಮೊದಲು



ಒಂದೇ ದೇಶದೊಳಗೆ ದುಡಿಮೆಯ ಮೌಲ್ಯಗಳು ಸೀಮೆಯಿಂದ ಸೀಮೆಗೆ ಬದಲಾಗುತ್ತವೆಯೇ ಎಂಬ ಚರ್ಚೆ ಬಳ್ಳಾರಿಯಲ್ಲಿ ನಡೆಯುತ್ತಿರುವುದು ನನಗೆ ಖುಷಿ ಕೊಟ್ಟಿದೆ. ಯಾಕೆಂದರೆ ನಾವು ಯಾವ ಸೀಮೆಯವರು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ. 1800ರಲ್ಲಿ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋದೆವು, ಆಮೇಲೆ ಮದ್ರಾಸಿನವರಾಗಿಯೇ ಉಳಿದೆವು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದೆವು. ಹಿಂದುಳಿದ ಸೀಮೆಗೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ ಹೈದರಾಬಾದ್ ಕರ್ನಾಟಕದ ಪಟ್ಟಿಯಲ್ಲಿದ್ದೆವು, 2019ರಿಂದ ಕಲ್ಯಾಣ ಕರ್ನಾಟಕದವರು. ನಿಜಾಮನ ಆಡಳಿತದಲ್ಲಿ ಬೆಳೆದ ಕಲಬುರಗಿಯನ್ನೂ ಮದ್ರಾಸಿನ ರೈತವಾರಿ ಪದ್ಧತಿಯಲ್ಲಿ ಬೆಳೆದ ಬಳ್ಳಾರಿಯನ್ನೂ ಒಂದೇ ಕಾಲಂನಲ್ಲಿ ಕೂಡಿಸಿ ‘ಈ ಭಾಗದ ನೌಕರರ ಮನೋಭಾವ ಹೀಗೆ’ ಎಂದು ಬರೆದರೆ ಆ ಮಾತಿಗೆ ಬುಡವಿರುವುದಿಲ್ಲ.

ಹೀಗೆ ಎಲ್ಲರನ್ನೂ ಒಂದೇ ಕಾಲಂಗೆ ಸೇರಿಸುವ ಅಭ್ಯಾಸ ನಮ್ಮಲ್ಲೇ ಹುಟ್ಟಿದ್ದಲ್ಲ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1960ರ ದಶಕದ ಕೊನೆಯಿಂದ ಐಬಿಎಂ ನೌಕರರಿಂದ ಸಂಗ್ರಹಿಸಿದ್ದ ಉತ್ತರಗಳನ್ನು ಆಧರಿಸಿ 1980ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಮೇಲಧಿಕಾರಿಯ ಮುಂದೆ ತಲೆಬಾಗುವ ಗುಣಕ್ಕೆ ಅವನು ಕೊಟ್ಟ ಅಂಕಗಳಲ್ಲಿ ಭಾರತಕ್ಕೆ ಸಿಕ್ಕಿದ್ದು 77. ಇಡೀ ದೇಶಕ್ಕೆ ಒಂದೇ ಅಂಕ! ಆ ಐಬಿಎಂ ಕೂಡ 1978ರಲ್ಲಿ ಭಾರತ ಬಿಟ್ಟು ಹೋಯಿತು. ಅಂಕ ಮಾತ್ರ ನಮ್ಮ ಎಂಬಿಎ ಪಠ್ಯಗಳಲ್ಲಿ ಇಂದಿಗೂ ಉಳಿದಿದೆ.

ದೇಶವನ್ನು ಸೀಮೆಗಳಾಗಿ ಒಡೆದು ನೋಡಿದರೆ ಸಾಕೇ? ಸಾಲದು. ನಮ್ಮ ಜಿಲ್ಲೆಯದೇ ಸಿರುಗುಪ್ಪಕ್ಕೆ ಬನ್ನಿ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿಗೆ ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅಂದಿನಿಂದ ಒಂದು ಮಾತು ಚಾಲ್ತಿಯಲ್ಲಿದೆ: ಕ್ಯಾಂಪಿನವರು ದುಡಿಯುವ ಮಂದಿ, ನಮ್ಮವರು ಕಟ್ಟೆ ಮೇಲೆ ಕೂಡುವ ಮಂದಿ. ಈ ಮಾತನ್ನು ಬ್ಯಾಂಕಿನವರು ಆಡುತ್ತಾರೆ, ಗೊಬ್ಬರದ ಅಂಗಡಿಯವರು ಆಡುತ್ತಾರೆ, ಬೇಸರದ ಸಂಗತಿಯೆಂದರೆ ನಮ್ಮವರೂ ಆಡುತ್ತಾರೆ. ಲೆಕ್ಕ ನೋಡಿ. ಕರಾವಳಿ ಆಂಧ್ರದಲ್ಲಿ ಗೋದಾವರಿಗೆ ಧವಳೇಶ್ವರದ ಆಣೆಕಟ್ಟು ಮುಗಿದದ್ದು 1852ರಲ್ಲಿ. ನಮ್ಮ ಎರೆಹೊಲಗಳಿಗೆ ತುಂಗಭದ್ರೆಯ ನೀರು ಬಂದದ್ದು 1953ರ ನಂತರ. ನಡುವೆ ನೂರು ವರ್ಷ. ಕ್ಯಾಂಪಿನ ರೈತ ಬರುವಾಗ ಅಲ್ಲಿ ದುಬಾರಿ ಬೆಲೆಗೆ ಮಾರಿದ ತುಂಡು ಭೂಮಿಯ ಹಣವನ್ನೂ ಮೂರು ನಾಲ್ಕು ತಲೆಮಾರು ಕಾಲುವೆ ಬೇಸಾಯ ಮಾಡಿದ ಅನುಭವವನ್ನೂ ಜೊತೆಗೆ ತಂದಿದ್ದ. ನಮ್ಮ ರೈತನ ಕೈಯಲ್ಲಿ ಇದ್ದದ್ದು ಮಳೆಯನ್ನು ನಂಬಬಾರದು ಎಂಬ ತಿಳಿವಳಿಕೆ. ಜೋಳದ ಜೊತೆ ತೊಗರಿ ಅಕ್ಕಡಿ ಹಾಕುವುದು, ಬೀಜ ಉಳಿಸಿಕೊಳ್ಳುವುದು, ಸಾಲಕ್ಕೆ ಕೈ ಹಾಕುವ ಮುನ್ನ ಮುಗಿಲು ನೋಡುವುದು. ಬರದ ಸೀಮೆಯಲ್ಲಿ ಅದು ವಿವೇಕ. ನೀರು ಬಂದ ಮರುದಿನ ಅದಕ್ಕೇ ಸೋಮಾರಿತನ ಎಂಬ ಹೆಸರು ಬಿತ್ತು. ಇನ್ನೂ ಒಂದು ಮಾತು: ಇದೇ ತಾಲ್ಲೂಕಿನ ಹೊಳೆದಂಡೆಯ ಊರುಗಳಲ್ಲಿ ವಿಜಯನಗರ ಕಾಲದ ಕಾಲುವೆಗಳಿವೆ. ಅಲ್ಲಿನವರಿಗೆ ಗದ್ದೆಯ ಕೆಲಸ ಯಾರೂ ಕಲಿಸಬೇಕಾಗಿರಲಿಲ್ಲ. ಅವರೂ ನಮ್ಮವರೇ.

ನಾಟಿಯ ದಿನಗಳಲ್ಲಿ ಗದ್ದೆಯ ಬದುವಿನ ಮೇಲೆ ನಿಂತರೆ ಇನ್ನೊಂದು ಕಾಣುತ್ತದೆ. ದಿನಗೂಲಿಗೆ ಬಂದ ಹೆಣ್ಣುಮಕ್ಕಳು ಬಿಸಿಲೇರಿದಾಗ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ, ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಅದೇ ಹೆಣ್ಣುಮಕ್ಕಳು ಎಕರೆಗೆ ಇಷ್ಟು ಎಂದು ಗುತ್ತ ಮಾತಾಡಿ ಇಳಿದರೆ ತಲೆ ಎತ್ತುವುದಿಲ್ಲ. ಊರು ಅದೇ, ಜಾತಿ ಅದೇ, ಭಾಷೆ ಅದೇ. ಬದಲಾದದ್ದು ಕೂಲಿಯ ಲೆಕ್ಕ.

ಬಳ್ಳಾರಿ ನಗರದ ಜೀನ್ಸ್ ಘಟಕಗಳಲ್ಲೂ ಇದೇ ಕಥೆ. ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿದ ದರ್ಜಿಗಳ ಕಾಲದಿಂದ ಇಲ್ಲಿ ಹೊಲಿಗೆಯ ಕಸುಬಿದೆ. ಇವತ್ತು ಮನೆಯ ಪಡಸಾಲೆಯಲ್ಲೂ ಮಿಷನ್ ಓಡುತ್ತದೆ, ಕೂಲಿ ಪೀಸಿನ ಲೆಕ್ಕದ್ದು. ಕರೆಂಟ್ ಹೋದರೆ ನಷ್ಟ ಹೊಲಿಯುವವನದು. ಹಬ್ಬದ ಮುಂಚೆ ನಡುರಾತ್ರಿವರೆಗೆ ಹೊಲಿಯುತ್ತಾನೆ, ಆರ್ಡರ್ ಇಲ್ಲದಾಗ ಹಗಲಲ್ಲೂ ಮಲಗುತ್ತಾನೆ. ಅವನ ತಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಗೆ ಹೋದರೆ ಗಡಿಯಾರ ನೋಡಿ ಏಳುತ್ತಾನೆ. ಒಂದೇ ತಾಯಿಯ ಮಕ್ಕಳನ್ನು ಯಾವ ‘ಪ್ರಾದೇಶಿಕ ಸಂಸ್ಕೃತಿ’ ಬೇರೆ ಮಾಡಿತು?

ಹಾಗಂತ ಸೀಮೆಗೆ ಗುಣವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ, ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಮಾಡುವ ಪೀರಲ ಹಬ್ಬಕ್ಕೆ ರಜೆ ಕೊಡದ ಮೇಲ್ವಿಚಾರಕನಿಗೆ ಆ ದಿನ ಕೆಲಸಗಾರರು ಸಿಗುವುದಿಲ್ಲ. ತೇರಿನ ಸೇವೆ ಮನೆತನದ ಸರದಿಯಾಗಿ ಬಂದವನಿಗೆ ಅದು ಮೋಜಲ್ಲ, ತಪ್ಪಿಸಿದರೆ ಊರಲ್ಲಿ ತಲೆ ಎತ್ತಲಾಗದ ಹೊಣೆ. ಇದು ನಿಜವಾದ ಸಾಂಸ್ಕೃತಿಕ ವ್ಯತ್ಯಾಸ, ಇದನ್ನು ಅಳೆಯಿರಿ. ಆದರೆ ಬಿಹಾರದ ಕಾರ್ಮಿಕ ಛಠ್ ಪೂಜೆಗೆ ಮೊದಲೇ ರೈಲಿನ ಟಿಕೆಟ್ ಮಾಡಿಸಿ ಹೇಳಿ ಹೋಗುತ್ತಾನೆ, ಸ್ಥಳೀಯ ಹೇಳದೆ ಹೋಗುತ್ತಾನೆ ಎಂದು ಬರೆಯುವಾಗ ಒಬ್ಬನ ಊರು ಸಾವಿರಾರು ಕಿಲೋಮೀಟರ್ ದೂರ, ಇನ್ನೊಬ್ಬನದು ಬೈಕಿನ ದಾರಿ ಎಂಬುದನ್ನೂ ಬರೆಯಿರಿ.

ಪ್ರಬಂಧ ಮಂಡಿಸಲಿರುವ ಕಿರಿಯ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೆ. ಇಂಗ್ಲಿಷಿನ ಪ್ರಶ್ನಾವಳಿ ಹಂಚಿ ಬಂದ ಉತ್ತರಗಳನ್ನು ಬಳ್ಳಾರಿಯ ಮನಸ್ಸು ಎಂದು ಕರೆಯಬೇಡಿ. ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಕೇಳಿ. ‘ನೀವು ಯಾವ ಜಿಲ್ಲೆಯವರು’ ಎಂಬುದರ ಪಕ್ಕದಲ್ಲೇ ‘ನಿಮ್ಮ ಕೂಲಿ ಯಾವ ಲೆಕ್ಕದ್ದು, ಕೆಲಸ ಕೆಟ್ಟರೆ ನಷ್ಟ ಯಾರದು’ ಎಂಬ ಎರಡು ಪ್ರಶ್ನೆ ಸೇರಿಸಿ. ಅವುಗಳಿಗೆ ಉತ್ತರ ಸಿಗುವವರೆಗೆ ಯಾವ ಊರಿನವರನ್ನೂ ಸೋಮಾರಿಗಳೆಂದೋ ಶ್ರಮಜೀವಿಗಳೆಂದೋ ಬರೆಯಬೇಡಿ.